ಮಾವ ಕಂಡ ಗೋಲು

ನಾನು ಹನ್ನೊಂದು ವರ್ಷ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು. ಹೀಗೆಂದ ಕೂಡಲೇ ಎದುರಿಗಿದ್ದವರು ನನ್ನ ಮುಖವನ್ನು ಎಲ್ಲಿ ನೋಡಿದ್ದೇವೆ ಎಂದು ನೆನಪಿಸಿಕೊಳ್ಳಲು ಹೊರಡುತ್ತಾರೆ. ಪಾಪ, ಅವರಿಗೆ ಆ ಕಷ್ಟ ಬೇಡ. ನಾನು ಆಡಿದ್ದು ಟೀವಿಯಲ್ಲಿ ಬರುವ ಲೀಗಿನಲ್ಲಲ್ಲ, ಅದರ ಕೆಳಗಿನದರಲ್ಲೂ ಅಲ್ಲ. ಅದಕ್ಕೂ ಕೆಳಗೆ ಒಂದಿದೆ. ಅಲ್ಲಿ ಪಂದ್ಯ ಶುರುವಾಗುವುದು ವಾರದ ನಡುವೆ, ಮಧ್ಯಾಹ್ನ ಎರಡೂವರೆಗೆ. ನೋಡಲು ಬರುವವರು ಆಟಗಾರರ ಮನೆಯವರು, ನೆರಳು ಹುಡುಕಿಕೊಂಡು ಬಂದವರು ಮತ್ತು ಯಾರನ್ನಾದರೂ ಬೈಯದೆ ದಿನ ಕಳೆಯಲಾಗದವರು.

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ. ನಮ್ಮ ಕಡೆ ಎರಡು ಕಾರುಗಳ ನಡುವೆ ಜಾಗ ಸಿಕ್ಕರೂ ಅಲ್ಲಿ ಕ್ರಿಕೆಟ್. ಫುಟ್‌ಬಾಲ್ ಎನ್ನುವುದು ಊರಿನ ಪೂರ್ವ ತುದಿಯವರ ಆಟ. ನಾನು ಅದಕ್ಕೆ ಬಿದ್ದದ್ದು ಅಮ್ಮನ ಒಂದು ಸಣ್ಣ ಅಲಕ್ಷ್ಯದಿಂದ. ಚಿಕ್ಕಂದಿನಲ್ಲಿ ನಾನು ಎಡಚ. ತಟ್ಟೆಗೆ ಎಡಗೈ ಹಾಕಿದಾಗಲೆಲ್ಲ ಅಮ್ಮ ಸೌಟಿನಿಂದ ಮೆಲ್ಲಗೆ ಕುಟ್ಟಿ ಕುಟ್ಟಿ ಬಲಗೈ ರೂಢಿ ಮಾಡಿಸಿದಳು. ಕಾಲಿನ ಕಡೆ ಅವಳ ಗಮನ ಹೋಗಲಿಲ್ಲ. ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು ಎಲ್ಲರಿಗೂ ಒಂದೊಂದು ಸಲ ಚೆಂಡು ಒದೆಯಲು ಹೇಳಿದರು. ಎಡಗಾಲಲ್ಲಿ ಒದ್ದವನು ನಾನೊಬ್ಬನೇ. "ನೀನು ಲೆಫ್ಟ್ ಬ್ಯಾಕ್ ಕಣೋ," ಅಂದರು. ಹಾಗಂದರೇನು ಎಂದು ನಾನು ಕೇಳಲಿಲ್ಲ. ಗೋಲಿನ ಎಡಗಡೆ ನಿಂತು, ಆ ಕಡೆಯಿಂದ ನುಗ್ಗುವವರನ್ನು ತಡೆಯುವ ಕೆಲಸ ಎಂದು ನಿಂತ ಮೇಲೆ ಗೊತ್ತಾಯಿತು. ನಾನು ಒಳ್ಳೆಯ ಆಟಗಾರನೇನೂ ಆಗಿರಲಿಲ್ಲ. ಅಪರೂಪದ ಆಟಗಾರನಾಗಿದ್ದೆ. ಎಡಗಾಲಿನವರು ಕಡಿಮೆ, ಹಾಗಾಗಿ ಕಾಲೇಜು ಮುಗಿಯುವ ಹೊತ್ತಿಗೆ ಒಂದು ಕ್ಲಬ್ಬು ನನ್ನನ್ನು ಹುಡುಕಿಕೊಂಡು ಬಂತು.

ಕ್ಲಬ್ಬಿನ ಯಜಮಾನರಿಗೆ ನಾಯಂಡಹಳ್ಳಿಯಲ್ಲಿ ಗ್ರಾನೈಟ್ ಗೋಡೌನ್ ಇತ್ತು. ಸಹಿ ಹಾಕಲು ನಾನು ಅಪ್ಪನ ಜೊತೆ ಹೋದೆ. ಅಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್. ನಾನು ಐಟಿಐ ಮಾಡಿ ತನ್ನ ಹಿಂದೆಯೇ ಒಳಗೆ ಬರಲಿ ಎಂದು ಅವನ ಆಸೆ. ಯಜಮಾನರು ಎದ್ದು ನನ್ನ ಸುತ್ತ ಒಂದು ಸುತ್ತು ಬಂದರು. ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಕಲ್ಲು ಪರೀಕ್ಷಿಸುವ ನೋಟ ಅದು.

ಅಪ್ಪ ಗಂಟಲು ಸರಿ ಮಾಡಿಕೊಂಡು ಕೇಳಿದ. "ಪಿಎಫ್ ಇದ್ಯಾ ಸಾರ್?"

"ಪಿಎಫ್ ಎಲ್ಲ ಇಲ್ಲ. ವರ್ಷಕ್ಕೆ ಎರಡು ಜೊತೆ ಬೂಟು ಕೊಡ್ತೀವಿ."

ಅಪ್ಪ ಸ್ವಲ್ಪ ಯೋಚಿಸಿದ. "ಸೇಫ್ಟಿ ಶೂನಾ?"

ಅಲ್ಲಿ ಮೇಜು ಇರಲಿಲ್ಲ. ಯಾರದೋ ಅಡುಗೆಮನೆ ಕಟ್ಟೆಗೆಂದು ಕತ್ತರಿಸಿಟ್ಟಿದ್ದ ಕಪ್ಪು ಕಲ್ಲಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ನಾನು ವೃತ್ತಿಪರ ಆಟಗಾರನಾದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು. "ಆ ಮನುಷ್ಯ ಕಲ್ಲು ಒಳ್ಳೆ ಕಲ್ಲೇ ಇಟ್ಟಿದಾನೆ."

ತಂಡದಲ್ಲಿ ಮುಕ್ಕಾಲು ಜನ ಪೂರ್ವದ ಕಡೆಯವರು, ಮನೆಯಲ್ಲಿ ತಮಿಳು ಆಡುವವರು. ನಾನು ಅವರ ಪಾಲಿಗೆ ಇನ್ನೊಂದು ಜಿಲ್ಲೆಯವನು. ನನ್ನ ಹೆಸರು ಕೈಬಿಟ್ಟು, ನಮ್ಮ ಕಡೆಯ ರಸ್ತೆಯ ಹೆಸರು ಹಿಡಿದು 'ಮಾಗಡಿ ರೋಡ್' ಎಂದೇ ಕರೆಯುತ್ತಿದ್ದರು. ಮೈದಾನದ ಆ ತುದಿಯಿಂದ "ಮಾಗಡಿ ರೋಡ್, ಮೇಲೆ ಹೋಗು ಮಚ್ಚಾ" ಎಂದು ಕೂಗಿದರೆ ನಾನು ಮುಂದಕ್ಕೆ ಓಡಬೇಕು. ಒಂದೆರಡು ವರ್ಷದಲ್ಲಿ ನನಗೂ ತಮಿಳು ಬಂತು. ಬಂತು ಎಂದುಕೊಂಡಿದ್ದೆ.

ಮೂರನೆಯ ವರ್ಷ ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿದರು. ಹುಡುಗ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಅಮ್ಮ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದಳು. ಕೆಲವರಿಗೆ ನಾನು ಗ್ರಾನೈಟ್ ಕಂಪನಿಯಲ್ಲಿದ್ದೆ, ಕೆಲವರಿಗೆ ಸ್ಪೋರ್ಟ್ಸ್ ಲೈನಿನಲ್ಲಿದ್ದೆ. ಬಸವೇಶ್ವರನಗರದ ಒಂದು ಮನೆಯಲ್ಲಿ ಮಾತ್ರ ಇದು ನಡೆಯಲಿಲ್ಲ. ಹುಡುಗಿಯ ತಂದೆ ನಿವೃತ್ತ ಗಣಿತದ ಮೇಷ್ಟ್ರು. ನನಗೆ ಕಾಫಿ ಕೊಟ್ಟು ನೇರವಾಗಿ ಕೇಳಿದರು.

"ಫುಟ್‌ಬಾಲ್ ಆಡ್ತೀರಿ, ಸರಿ. ಕೆಲಸ?"

"ಅದೇ ಕೆಲಸ ಸಾರ್."

"ಅದು ಸಾಯಂಕಾಲದ್ದಾಯ್ತು. ಹಗಲು ಹೊತ್ತು?"

"ಹಗಲು ಹೊತ್ತೂ ಅದೇ ಸಾರ್."

ಅವರು ಹೆಂಡತಿಯ ಮುಖ ನೋಡಿದರು. ಹುಡುಗಿ ಬಾಗಿಲ ಬಳಿ ನಿಂತು ಸೆರಗಿನ ಅಂಚನ್ನು ತೀರಾ ಆಸಕ್ತಿಯಿಂದ ನೋಡುತ್ತಿದ್ದಳು. ಅವಳು ವಿಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ನಗು ತಡೆಯುವುದು ಆ ಕೆಲಸದಲ್ಲಿ ಅಭ್ಯಾಸವಾಗುತ್ತದೆ ಎಂದು ಆಮೇಲೆ ಹೇಳಿದಳು.

ಮೇಷ್ಟ್ರು ಕೇಳಿದ ಮಾತನ್ನು ನಂಬುವವರಲ್ಲ, ಲೆಕ್ಕ ಮಾಡಿ ತಾಳೆ ನೋಡುವವರು. ದೊಡ್ಡ ಮಗಳ ಗಂಡು ಬ್ಯಾಂಕಿನಲ್ಲಿದ್ದಾನೆ ಎಂದಾಗ ಆ ಶಾಖೆಗೆ ಹೋಗಿ, ಬೇಡದ ಒಂದು ಡಿಡಿ ತೆಗೆಸಿ, ಹುಡುಗ ನಿಜವಾಗಿ ಕೌಂಟರಿನಲ್ಲಿ ಕೂತಿದ್ದಾನೆಯೇ ಎಂದು ನೋಡಿ ಬಂದವರು. ನನ್ನನ್ನೂ ಕೆಲಸದ ಜಾಗದಲ್ಲೇ ನೋಡಬೇಕೆಂದರು. ಮುಂದಿನ ಬುಧವಾರ ಪಂದ್ಯ ಇದೆ ಎಂದೆ.

ಆ ಬುಧವಾರ ನಾವು ಮೈದಾನಕ್ಕೆ ಇಳಿಯುವಾಗಲೇ ಅವರು ಮೂರನೆಯ ಸಾಲಿನಲ್ಲಿ ಕೂತಿದ್ದರು. ಒಂದು ಕೊಡೆ, ಒಂದು ಟಿಫಿನ್ ಬ್ಯಾಗು, ತೊಡೆಯ ಮೇಲೆ ನೋಟ್‌ಬುಕ್ಕು. ಮೊದಲ ಅರ್ಧ ಗೋಲಿಲ್ಲದೆ ಮುಗಿಯಿತು. ಎರಡನೆಯ ಅರ್ಧದಲ್ಲಿ ಒಂದು ಚೆಂಡು ನಮ್ಮ ಗೋಲಿನ ಕಡೆ ಉರುಳಿ ಬಂತು. ನಾನು ಅದರ ಪಕ್ಕ ಓಡುತ್ತಿದ್ದೆ, ಬೆನ್ನ ಹಿಂದೆ ಎದುರಾಳಿಯ ಉಸಿರು ಕೇಳುತ್ತಿತ್ತು. ಗೋಲು ಕಾಯುವ ನಮ್ಮ ಗೋಲಿ ಆ ತಿಂಗಳಷ್ಟೇ ಸೇರಿದವನು. ಅವನು ಗಂಟಲು ಹರಿಯುವ ಹಾಗೆ ಕೂಗಿದ. "ಎಡುಡಾ, ಎಡುಡಾ."

ತಮಿಳಿನಲ್ಲಿ ಅದಕ್ಕೆ 'ತಗೊಳೋ' ಎಂದು ಅರ್ಥ. ನೆರಳಲ್ಲಿ ಕೂತಿದ್ದಾಗ ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಗಾಬರಿಯಲ್ಲಿ ಕಿವಿ ಹುಟ್ಟಿದ ಮನೆಯ ಭಾಷೆಗೆ ಹೋಗಿ ಸೇರಿಕೊಳ್ಳುತ್ತದೆ. ನನಗೆ ಕೇಳಿಸಿದ್ದು 'ಎಡ'. ಅವನು ಎಡಗಡೆ ಇದ್ದಾನೆ, ಅಲ್ಲಿಗೆ ಕೊಡು ಎನ್ನುತ್ತಿದ್ದಾನೆ ಎಂದುಕೊಂಡೆ. ತಲೆ ಎತ್ತದೆ ಎಡಕ್ಕೆ ಕೊಟ್ಟೆ. ಅವನಿದ್ದದ್ದು ಬಲಕ್ಕೆ. ಚೆಂಡು ಕಂಬಕ್ಕೆ ಗೇಣಷ್ಟು ಒಳಗೆ ಹಾದು ನಮ್ಮದೇ ಬಲೆಯಲ್ಲಿ ಕೂತಿತು. ಅಷ್ಟು ಅಚ್ಚುಕಟ್ಟಾದ ಹೊಡೆತ ನನ್ನ ಕಾಲಿನಿಂದ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಪಂದ್ಯ ಅದೇ ಒಂದು-ಸೊನ್ನೆಗೆ ಮುಗಿಯಿತು, ನಾವು ಸೋತೆವು. ನಾನು ಟವೆಲ್ ತಲೆಯ ಮೇಲೆ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದೆ. ಮೇಷ್ಟ್ರು ಕೊಡೆ ಊರಿಕೊಂಡು ಇಳಿದು ಬಂದರು. ಸಂಬಂಧ ಮುರಿಯಿತು ಎಂದು ಹೇಳಲು ಫೋನ್ ಸಾಕಾಗಿತ್ತಲ್ಲ ಎಂದುಕೊಂಡೆ.

"ಇಡೀ ಆಟದಲ್ಲಿ ಒಂದೇ ಗೋಲು," ಅಂದರು. "ಅದನ್ನ ಹೊಡ್ದೋರು ನೀವು. ನಾನು ಕಣ್ಣಾರೆ ನೋಡ್ದೆ."

"ಸಾರ್, ಅದು ಹಾಗಲ್ಲ..."

"ವಿನಯ ಇರ್ಬೇಕು, ಇಷ್ಟು ಬೇಡ. ಉಳ್ದೋರೆಲ್ಲ ಒಂದೂವರೆ ಗಂಟೆ ಸುಮ್ನೆ ಓಡಾಡಿದ್ರು. ನಿಮ್ಮ ಕಡೆಯೋರು ತಲೆ ಮೇಲೆ ಕೈ ಹೊತ್ಕೊಂಡ್ರು, ಅದು ಹೊಟ್ಟೆಕಿಚ್ಚು, ಎಲ್ಲಾ ಆಫೀಸಲ್ಲೂ ಇರತ್ತೆ. ಆದ್ರೆ ಆ ಕಡೆ ಹುಡುಗ್ರು ಕುಣಿದ್ರು ನೋಡಿ, ಎದುರಾಳಿ ಗೋಲು ಹೊಡೆದ್ರೂ ಅಷ್ಟು ಖುಷಿ. ನನಗೆ ಅದು ಬಹಳ ಹಿಡಿಸ್ತು."

ಪಕ್ಕದಲ್ಲಿ ನಿಂತಿದ್ದ ನಮ್ಮ ಕೋಚ್ ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ಮೇಷ್ಟ್ರು ಟಿಫಿನ್ ಬ್ಯಾಗಿನಿಂದ ಕೋಡುಬಳೆ ತೆಗೆದು ನನಗೂ ಕೋಚ್‌ಗೂ ಕೊಟ್ಟು ಹೋದರು.

ಮರುದಿನ ಹುಡುಗಿ ಫೋನ್ ಮಾಡಿದಳು. ಅದು ನಮ್ಮ ಮೊದಲ ಮಾತುಕತೆ.

"ಅಪ್ಪ ಒಪ್ಪಿಬಿಟ್ರು. ನೀವೇ ಗೋಲ್ ಹೊಡೆದ್ರಂತೆ."

"ಹೌದು."

"ಒಂದೇ ಗೋಲಂತೆ."

"ಹೌದು."

"ಮತ್ತೆ ನಿಮ್ಮ ಟೀಮ್ ಸೋತಿದೆ ಅಂತ ಫೋನಲ್ಲಿ ತೋರಿಸ್ತಾ ಇದೆಯಲ್ಲ."

ಅಷ್ಟು ಹೇಳಿ ಅವಳು ನಗಲು ಶುರು ಮಾಡಿದಳು. ಲ್ಯಾಬಿನಲ್ಲಿ ಯಾರೋ "ಏನಾಯ್ತು ಮೇಡಂ" ಎಂದು ಕೇಳಿದ್ದು ನನಗೂ ಕೇಳಿಸಿತು. ನಗು ಮುಗಿದ ಮೇಲೆ ಹೇಳಿದಳು. "ಮದುವೆ ಆಗೋವರ್ಗೂ ಅಪ್ಪಂಗೆ ಹೇಳ್ಬೇಡಿ."

ಮದುವೆಯಾಯಿತು. ಅತ್ತಿಗುಪ್ಪೆಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಮನೆಯ ಮಾಲೀಕರಾದ ಆಂಟಿ ನನ್ನ ಕೆಲಸ ಕೇಳಿ, "ಮನೆ ಒಳಗೆ ಆಡಲ್ಲ ತಾನೆ," ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೀ ಕೊಟ್ಟರು. ನಾನು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋದೆ. ಎಲ್ಲೆಲ್ಲೋ ರೈಲಿನಲ್ಲಿ ಹೋಗಿ, ಕಲ್ಯಾಣ ಮಂಟಪಗಳಲ್ಲಿ ಮಲಗಿ, ಆಡಿ ಬಂದೆ. ಒಂದು ಊರಿನಲ್ಲಿ ನಮ್ಮ ಪಂದ್ಯವನ್ನು ಅರ್ಧ ಗಂಟೆ ನಿಲ್ಲಿಸಿದ್ದರು, ಮೈದಾನದ ನಡುವೆ ಮಲಗಿದ್ದ ಎಮ್ಮೆಯ ಯಜಮಾನ ಊಟಕ್ಕೆ ಹೋಗಿದ್ದ ಎಂಬ ಕಾರಣಕ್ಕೆ.

ಇತ್ತ ಮಾವ ದಿನವೂ ಪಾರ್ಕಿನಲ್ಲಿ ನಡೆಯುವ ಗೆಳೆಯರಿಗೆ ನನ್ನ ಗೋಲಿನ ಕಥೆ ಹೇಳುತ್ತಿದ್ದರು. ಕಥೆಯಲ್ಲಿ ಹೊಡೆತದ ದೂರ ಪ್ರತಿವರ್ಷ ನಾಲ್ಕೈದು ಗಜ ಬೆಳೆಯುತ್ತಿತ್ತು. ನಿಜ ಹೇಳಿಬಿಡೋಣ ಎಂದು ನಾನು ಎಷ್ಟೋ ಸಲ ಹೊರಟೆ. ಹಬ್ಬ ಬರುತ್ತಿತ್ತು, ಇಲ್ಲವೇ ಅವರಿಗೆ ಬಿಪಿ ಜಾಸ್ತಿ ಇರುತ್ತಿತ್ತು.

ಆಮೇಲೆ ಅವರ ಮನೆಗೆ ದೊಡ್ಡ ಟೀವಿ ಬಂತು. ಅಳಿಯನ ಕೆಲಸ ತಿಳಿದುಕೊಳ್ಳೋಣ ಎಂದು ಅವರು ಫುಟ್‌ಬಾಲ್ ನೋಡಲು ಕೂತರು. ಒಂದು ಭಾನುವಾರ ಬೆಳಗ್ಗೆ ನಾವು ಹೋದಾಗ ಅಕ್ಕಿ ರೊಟ್ಟಿಯ ತಟ್ಟೆಯನ್ನು ಆಚೆ ಸರಿಸಿ, ಸ್ಕೇಲಿಟ್ಟು ಕಾಗದದ ಮೇಲೆ ಒಂದು ಆಯತ ಎಳೆದರು.

"ಇದು ಮೈದಾನ. ವಿರಾಮ ಆದ್ಮೇಲೆ ಎರಡು ಕಡೆಯೋರೂ ಜಾಗ ಬದಲಾಯಿಸ್ತಾರೆ, ಅಲ್ವಾ?"

"ಹೌದು ಮಾವ."

"ಹಾಗಾದ್ರೆ ನಿಮ್ಮ ಗೋಲಿ ನಿಂತಿದ್ದಿದ್ದು ಇಲ್ಲಿ. ನೀವು ಇಲ್ಲಿ." ಎರಡು ಚುಕ್ಕೆ ಇಟ್ಟರು. ನಡುವೆ ನಿಧಾನವಾಗಿ ಒಂದು ಗೆರೆ ಎಳೆದರು. "ಚೆಂಡು ಹೋಗಿದ್ದು ಹೀಗೆ."

ನನ್ನ ಹೆಂಡತಿ ಚಟ್ನಿ ತರಲೆಂದು ಎದ್ದು ಒಳಗೆ ಹೋದಳು. ಚಟ್ನಿ ಎದುರಿಗೇ ಇತ್ತು.

"ಹೌದು ಮಾವ," ಎಂದೆ. ಎಲ್ಲವನ್ನೂ ಹೇಳಿದೆ, ತಮಿಳಿನ ವಿಷಯವನ್ನೂ ಸೇರಿಸಿ. ಅವರು ಆ ಗೆರೆಯ ಮೇಲೆ ಮತ್ತೆ ಸ್ಕೇಲಿಟ್ಟು ನೋಡಿದರು.

"ಉತ್ತರ ತಪ್ಪು," ಅಂದರು ಕೊನೆಗೆ. "ಸ್ಟೆಪ್ಸ್ ಸರಿಯಿದೆ. ಅರ್ಧ ಮಾರ್ಕ್ಸ್ ಕೊಡ್ಬೇಕಾಗತ್ತೆ."

ಮಾರನೆಯ ದಿನ ಪಾರ್ಕಿಗೆ ಹೋಗಿ ಅಷ್ಟೂ ಗೆಳೆಯರಿಗೆ, ಒಬ್ಬೊಬ್ಬರನ್ನೇ ನಿಲ್ಲಿಸಿ, ತಾನು ಇಷ್ಟು ವರ್ಷ ಹೇಳಿದ್ದು ತಪ್ಪು ಎಂದು ತಿದ್ದಿದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಗೋಲು ಒಳಗೆ ಹೋಗಿದ್ದು ನಿಜ ತಾನೆ ಮೇಷ್ಟ್ರೇ," ಎಂದು ಅವರಲ್ಲೊಬ್ಬರು ಸಮಾಧಾನ ಮಾಡಿದರಂತೆ.

ಮೂವತ್ತೆರಡಕ್ಕೆ ನನ್ನ ಬಲ ಮಂಡಿ ಕೈಕೊಟ್ಟಿತು. ಇದೇ ಕೊನೆಯ ಪಂದ್ಯ ಎಂದು ಮೊದಲೇ ಗೊತ್ತಿದ್ದದ್ದರಿಂದ ಮನೆಯವರನ್ನೆಲ್ಲ ಕರೆದೆ. ಅಪ್ಪ ಬರುವುದಿಲ್ಲ ಎಂದ. ಹನ್ನೊಂದು ವರ್ಷದಲ್ಲಿ ಅವನು ಒಂದು ಆಟವನ್ನೂ ನೋಡಿರಲಿಲ್ಲ. ಐಟಿಐ ಮಾಡದೆ ಹೋದದ್ದರ ಸಿಟ್ಟು ಇನ್ನೂ ಇದೆ ಎಂದೇ ನಾನು ತಿಳಿದಿದ್ದೆ. ಈ ಸಲ ತಡೆಯಲಾಗದೆ ಅಮ್ಮನನ್ನು ಕೇಳಿಬಿಟ್ಟೆ.

ಅಮ್ಮ ಅಡುಗೆಮನೆಯ ಬಾಗಿಲು ಅರ್ಧ ಮುಂದೆ ಮಾಡಿ ಹೇಳಿದಳು. "ನಿನ್ನ ಮೊದಲ್ನೇ ಮ್ಯಾಚಿಗೆ ಬಂದಿದ್ರು ಕಣೋ. ಫ್ಯಾಕ್ಟರಿಗೆ ರಜಾ ಹಾಕಿ. ಹಿಂದ್ಗಡೆ ಒಬ್ಬ ಕೂತ್ಕೊಂಡು ನಿನ್ನಿಂದ ಹಿಡಿದು ಹುಟ್ಟಿಸಿದೋರವರ್ಗೂ ಬೈತಿದ್ನಂತೆ. ಇವ್ರು ಊಟದ ಡಬ್ಬಿ ತಗೊಂಡು ಅವನ ತಲೆ ಮೇಲೆ ಕುಕ್ಕಿದ್ರಂತೆ. ಪೊಲೀಸಿನೋರು ಹೊರಗೆ ಕಳಿಸಿದ್ರು. ಹತ್ತು ನಿಮಿಷನೂ ನೋಡ್ಲಿಲ್ಲ. ಅವತ್ತಿಂದ, ನನ್ನ ಕೈ ನನ್ನ ಮಾತು ಕೇಳಲ್ಲ, ನಾನು ಹೋಗಲ್ಲ ಅಂತಾರೆ."

ನಮ್ಮ ಮನೆಯ ಆ ಡಬ್ಬಿಯ ಮೂಲೆ ಹೇಗೆ ನೆಗ್ಗಿತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ನೇರವಾಗಿ ಅಪ್ಪನ ಬಳಿ ಹೋಗಿ, "ಅಪ್ಪ, ಬಾ. ಕೈಯಲ್ಲಿ ಏನೂ ಹಿಡ್ಕೋಬೇಡ," ಎಂದೆ. ಅವನು ಪೇಪರಿನಿಂದ ತಲೆ ಎತ್ತದೆ, "ಎಷ್ಟು ಗಂಟೆಗೆ?" ಎಂದ.

ಕೋಚ್ ನನ್ನನ್ನು ಕೊನೆಯ ಹನ್ನೊಂದು ನಿಮಿಷಕ್ಕೆ ಇಳಿಸಿದರು. ಅಪ್ಪನನ್ನು ಅಮ್ಮ ಮತ್ತು ಮಾವನ ನಡುವೆ ಕೂರಿಸಿದ್ದರು. ನಾನು ಮೊದಲ ಸಲ ಓಡಿದಾಗಲೇ ಮೇಲಿನಿಂದ ಒಬ್ಬ ಕೂಗಿದ. "ಏ ತಾತಾ, ಮನೆಗ್ ಹೋಗಿ ಮೊಮ್ಮಕ್ಕಳನ್ನ ನೋಡ್ಕೊಳೋ." ಚೆಂಡು ಇದ್ದದ್ದು ನನ್ನ ಕಾಲಲ್ಲಿ. ಕಣ್ಣು ಹೋದದ್ದು ಮೂರನೆಯ ಸಾಲಿಗೆ. ಅಪ್ಪ ಎದ್ದು ನಿಂತಿದ್ದ. ಮಾವ ಅವನ ಅಂಗಿಯ ಹಿಂಭಾಗ ಗಟ್ಟಿಯಾಗಿ ಹಿಡಿದಿದ್ದರು. ಅಷ್ಟರಲ್ಲಿ ಎದುರಾಳಿಯೊಬ್ಬ ನನ್ನ ಕಾಲಿನಿಂದ ಚೆಂಡು ಕಸಿದು ಆಗಲೇ ಇಪ್ಪತ್ತು ಗಜ ಓಡಿದ್ದ. ಅವನ ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಉಳಿದ ನಿಮಿಷಗಳಲ್ಲಿ ಚೆಂಡು ಇನ್ನೆರಡು ಸಲ ನನ್ನ ಬಳಿ ಬಂತು, ಎರಡು ಸಲವೂ ಗೆರೆಯಾಚೆ ಒದ್ದೆ. ಸೊನ್ನೆ-ಸೊನ್ನೆಗೆ ಮುಗಿಯಿತು. ಹುಡುಗರು ನನ್ನನ್ನು ಎತ್ತಿಕೊಂಡು ಮೈದಾನದ ಸುತ್ತ ಹೋಗಬೇಕೆಂದಿದ್ದರು, ಕಾಲು ಭಾಗ ಸುತ್ತುವಷ್ಟರಲ್ಲಿ ಸುಸ್ತಾಗಿ ಇಳಿಸಿದರು.

ಮೆಟ್ರೋದಲ್ಲಿ ವಾಪಸ್ ಬರುವಾಗ ಅಪ್ಪನ ಪಕ್ಕ ಕೂತೆ. ಅವನೇ ತಗ್ಗಿದ ದನಿಯಲ್ಲಿ ಹೇಳಿದ.

"ಆ ಕೂಗ್ತಿದ್ನಲ್ಲ, ಅವನು ಗೇಟ್ ಹತ್ರ ಸಿಕ್ಕಿದ್ದ."

"ಏನ್ ಮಾಡ್ದೆ ಅಪ್ಪ?"

"ನಾನೇನೂ ಮಾಡ್ಲಿಲ್ಲ. ನಿಮ್ಮ ಮಾವನೋರು ಅವನನ್ನ ನಿಲ್ಲಿಸ್ಕೊಂಡು, ಲೆಫ್ಟ್ ಬ್ಯಾಕ್ ಅಂದ್ರೆ ಏನು ಅಂತ ನೋಟ್‌ಬುಕ್ಕಲ್ಲಿ ಚಿತ್ರ ಬರೆದು ಹೇಳಿಕೊಟ್ರು. ಇಪ್ಪತ್ತು ನಿಮಿಷ." ಅಪ್ಪ ಕಿಟಕಿಯ ಕಡೆ ತಿರುಗಿದ. "ಡಬ್ಬಿ ಏಟೇ ವಾಸಿ ಅನ್ನಿಸಿರತ್ತೆ ಅವನಿಗೆ. ಆದ್ರೆ ನನಗೂ ಇವತ್ತೇ ಗೊತ್ತಾಗಿದ್ದು, ನೀನು ಅಲ್ಲಿ ನಿಂತ್ಕೊಂಡು ಏನ್ ಮಾಡ್ತಿದ್ದೆ ಅಂತ."