ಗಾಳಿಯಲ್ಲಿ ನಿಂತ ಗರ್ಡರ್

ಮೂರು ವರ್ಷಗಳ ಹಿಂದೆ ಖಾನಾಪುರದ ಹತ್ತಿರ ರೈಲ್ವೆ ಮೇಲ್ಸೇತುವೆಯೊಂದರ ಕೆಲಸ ನಡೆದಿತ್ತು. ಕಟ್ಟುತ್ತಿದ್ದುದು ದೇಶದ ತುಂಬ ಕಾರ್ಖಾನೆ, ಫ್ಲೈಓವರ್ ಕಟ್ಟುವ ದೊಡ್ಡ ಕಂಪನಿ. ಅವರಿಗೆ ಕ್ರೇನ್ ಮತ್ತು ಖಲಾಶಿಗಳನ್ನು ಒದಗಿಸುವ ಸಬ್‌ಕಾಂಟ್ರಾಕ್ಟರ್ ನಾನು. ಭಾರದ ಸಾಮಾನನ್ನು ಕಟ್ಟಿ, ಎತ್ತಿ, ಜಾಗಕ್ಕೆ ಕೂರಿಸುವವರನ್ನು ನಮ್ಮಲ್ಲಿ ಖಲಾಶಿ ಅನ್ನುತ್ತಾರೆ. ನಾನೂ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಖಲಾಶಿಯಾಗಿಯೇ ಶುರು ಮಾಡಿದವನು. ದರ ಕುದುರಿಸುವುದನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಪೆಟ್ಟು ತಿಂದು ಕಲಿತೆ. ಹೊಸಬರಿಗೆ ಒಂದು ಕಿವಿಮಾತು: ನಿಮ್ಮ ಮಾತು ಹೇಳಿದ ಮೇಲೆ ಬಾಯಿ ಮುಚ್ಚಿ ಕುಳಿತುಕೊಳ್ಳಿ. ಎದುರಿನವನಿಗೆ ಆ ಮೌನ ತಡೆಯುವುದಿಲ್ಲ, ತಾನಾಗಿಯೇ ಬಗ್ಗುತ್ತಾನೆ.

ನನ್ನ ಜೊತೆಗೇ ಫೌಂಡ್ರಿಗೆ ಸೇರಿದವನು ಪೀರನವಾಡಿಯ ಪರಶುರಾಮ. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಕಾಂಟ್ರಾಕ್ಟರ್ ಆದೆ, ಅವನು ನನ್ನ ಗ್ಯಾಂಗಿನ ಸಿಗ್ನಲ್‌ಮ್ಯಾನ್ ಆದ. ಕ್ರೇನ್ ಓಡಿಸುವವನಿಗೆ ಕ್ಯಾಬಿನ್ನಿನಿಂದ ಎಲ್ಲವೂ ಕಾಣುವುದಿಲ್ಲ. ಕೆಳಗೆ ನಿಂತ ಸಿಗ್ನಲ್‌ಮ್ಯಾನ್ ಕೈ ನೋಡಿಕೊಂಡೇ ಅವನು ಲಿವರ್ ಎಳೆಯಬೇಕು. ತೋರುಬೆರಳು ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಮುಷ್ಟಿ ಬಿಗಿದರೆ ನಿಲ್ಲು. ಬೇರೆ ಯಾರು ಕೂಗಿದರೂ ಕೇಳುವಂತಿಲ್ಲ. ಒಂದೇ ವಿನಾಯಿತಿ, ಎರಡೂ ತೋಳು ಅಡ್ಡ ಚಾಚಿ ಆಡಿಸುವ ತುರ್ತು ಸ್ಟಾಪ್. ಅದನ್ನು ಚಹಾ ತರುವವನು ಕೊಟ್ಟರೂ ಕ್ರೇನ್ ನಿಲ್ಲಲೇಬೇಕು.

ಆ ಸೇತುವೆಯ ಗರ್ಡರುಗಳನ್ನೆಲ್ಲ, ಅಂದರೆ ಪಿಲ್ಲರಿನಿಂದ ಪಿಲ್ಲರಿಗೆ ಹಾಯುವ ಭಾರೀ ತೊಲೆಗಳನ್ನೆಲ್ಲ, ಪರಶುರಾಮನ ಕೈಯೇ ಕೂರಿಸಿತ್ತು. ಹಳಿಗಳ ಮೇಲಿನ ಕೊನೆಯದೊಂದು ಉಳಿದಿದ್ದಾಗ ಕಂಪನಿ ಎಲ್ಲರಿಗೂ ಬೆಳಗಾವಿಯಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಿತು. ಪರಶುರಾಮನಿಗೆ ಗ್ಲಾಕೋಮಾ ಇತ್ತು. ಒಳಗಿನ ಒತ್ತಡ ಏರಿ ಕಣ್ಣಿನ ನರ ಸದ್ದಿಲ್ಲದೆ ಸಾಯುವ ರೋಗ. ಹೋದಷ್ಟು ದೃಷ್ಟಿ ಹೋಯಿತು, ಮರಳುವುದಿಲ್ಲ. ಸೈಟಿನಲ್ಲಿ ಕೆಲಸ ಮಾಡಲು ಕಂಪನಿ ಕೊಟ್ಟಿದ್ದ ಅವನ ಪಾಸ್ ರದ್ದಾಯಿತು.

ಅಂದು ಸಂಜೆಯೇ ಶಿವಬಸವ ನಗರದ ನನ್ನ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರು.

“ಈರ್ಯಾ, ಒಂದ ಗರ್ಡರ್ ಉಳದೈತಿ. ಅದನ್ನೊಂದ ನಾ ಕುಂದರಸ್ತೇನಿ. ಆಮ್ಯಾಲ ಮನ್ಯಾಗ ಕುಂದರು ಅಂದ್ರ ಕುಂದರತೇನಿ.”

“ಡಾಕ್ಟರ್ ಬ್ಯಾಡ ಅಂದಾರಲೋ ಪರಶ್ಯಾ.”

“ಡಾಕ್ಟರ್ ಮಾತು ನೀ ಎಷ್ಟ ಕೇಳೀದಿ? ಶುಗರ್ ಇಟ್ಕೊಂಡು ಕುಂದಾ ಮುಕ್ಕಾಂವ!” ನಕ್ಕ. ಆಮೇಲೆ ನಗಲಿಲ್ಲ. “ಊರ ಮಂದಿ ಜೋಡಿ ಚೌಕಾಶಿ ಮಾಡ್ತಿ. ನನ್ನ ಸಲುವಾಗಿ ಒಮ್ಮಿ ಮಾಡು.”

ಮರುದಿನ ಸೇಫ್ಟಿ ಆಫೀಸರ್ ಎದುರು ಕುಳಿತೆ. ಧಾರವಾಡದ ಹೆಣ್ಣುಮಗಳು, ನನ್ನ ಮಗನ ವಯಸ್ಸಿನವರು. ನನ್ನ ಹತ್ತಿರ ವಾದಗಳಿಗೆ ಕೊರತೆ ಇರಲಿಲ್ಲ: ಅವನ ಬಾಜೂ ಇನ್ನೊಬ್ಬನನ್ನು ನಿಲ್ಲಿಸುತ್ತೇನೆ, ಅದೂ ಹಗಲಿನ ಕೆಲಸ, ಅವನ ಕೈ ಆಪರೇಟರ್‌ಗೆ ರೂಢಿಯಾಗಿದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ಈರಣ್ಣಾರ, ಆ ಗರ್ಡರ್ ಇಳಿಯೂಮುಂದ ಪಿಲ್ಲರ್ ಮ್ಯಾಲ ನಿಮ್ಮ ಮಗನ್ನ ನಿಲ್ಲಸ್ತೀರಿ? ಹೂಂ ಅನ್ರಿ, ಈಗ ಸಹಿ ಮಾಡ್ತೀನಿ.”

ಅಷ್ಟೇ ಹೇಳಿ ಬಾಯಿ ಮುಚ್ಚಿದರು. ನನ್ನದೇ ಪಟ್ಟು ನನ್ನ ಮೇಲೆ! ಫ್ಯಾನ್ ತಿರುಗುತ್ತಿತ್ತು. ಹೂಂ ಅನ್ನಲು ನನ್ನಿಂದಾಗಲಿಲ್ಲ. ನಮಸ್ಕಾರ ಮಾಡಿ ಎದ್ದು ಬಂದೆ.

ಇದ್ದದ್ದನ್ನು ಇದ್ದಂತೆ ಪರಶುರಾಮನಿಗೆ ಹೇಳಿದೆ. “ಬರೇ ಡೀಸೆಲ್ ಮಾರೂ ಮಂದಿ ಜೋಡಿ ನಡೀತೈತಿ ನಿನ್ನ ಬಾಯಿ,” ಅಂದ. ಕೊನೆಯ ದಿನ ನೋಡಲಾದರೂ ಬಾ ಎಂದು ಕರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಜೇಬಿನಲ್ಲಿ ಅವನ ಹಳೆಯ ಸೀಟಿ. ಬ್ಯಾರಿಕೇಡಿನ ಆಚೆ, ನೋಡಲು ನೆರೆದ ಊರವರ ನಡುವೆ ಅವನಿಗೊಂದು ಕುರ್ಚಿ ಹಾಕಿಸಿದ್ದೆ. ಕುರ್ಚಿಯಲ್ಲಿ ಅವನು ಕೂರಲೇ ಇಲ್ಲ.

ರೈಲು ನಿಲ್ಲಿಸಿ ನಮಗೆ ಬಿಟ್ಟುಕೊಡುವ ಸಮಯಕ್ಕೆ ಬ್ಲಾಕ್ ಅನ್ನುತ್ತಾರೆ. ಅಷ್ಟರೊಳಗೆ ಗರ್ಡರ್ ಕೂರದಿದ್ದರೆ ಇನ್ನೊಂದು ಬ್ಲಾಕ್‌ಗಾಗಿ ವಾರಗಟ್ಟಲೆ ಅಲೆಯಬೇಕು. ಮಧ್ಯಾಹ್ನದ ಬಿಸಿಲಲ್ಲಿ ಗರ್ಡರ್ ಎದ್ದಿತು. ಕ್ರೇನಿನಲ್ಲಿ ಸಲೀಮ, ಪರಶುರಾಮನ ಜೋಡಿ ವರ್ಷಗಟ್ಟಲೆ ದುಡಿದ ಹುಡುಗ. ಕೈ ತೋರಿಸುತ್ತಿದ್ದವನು ಪರಶುರಾಮನೇ ಪಳಗಿಸಿದ ಹೊಸ ಸಿಗ್ನಲ್‌ಮ್ಯಾನ್. ಗರ್ಡರ್ ಹಳಿ ದಾಟಿ ಪಿಲ್ಲರಿನತ್ತ ಇಳಿಯುತ್ತಿತ್ತು. ಆಗ ಸೀಟಿ ಕೇಳಿಸಿತು.

ತಿರುಗಿ ನೋಡಿದರೆ ಪರಶುರಾಮ ಎರಡೂ ತೋಳು ಚಾಚಿ ಆಡಿಸುತ್ತಿದ್ದಾನೆ. “ಮನಷ್ಯಾ ಅದಾನು! ಬುಡಕ ಮನಷ್ಯಾ ಅದಾನು!”

ಸಲೀಮ ಆ ಕ್ಷಣವೇ ನಿಲ್ಲಿಸಿದ. ಗರ್ಡರ್ ಗಾಳಿಯಲ್ಲಿ ನಿಂತಿತು. ಖಲಾಶಿಗಳು ಓಡಿದರು, ಪಿಲ್ಲರಿನ ಸುತ್ತ ಹುಡುಕಿದರು. ಸರಳಿಗೆ ಯಾರೋ ಕಳಚಿ ನೇತುಹಾಕಿದ್ದ ಕಿತ್ತಳೆ ಬಣ್ಣದ ಜಾಕೀಟು ಗಾಳಿಗೆ ಅಲ್ಲಾಡುತ್ತಿತ್ತು. ಮನುಷ್ಯ ಯಾರೂ ಇರಲಿಲ್ಲ.

ಒಬ್ಬ ಆ ಜಾಕೀಟನ್ನು ಎತ್ತಿ ತೋರಿಸಿದ. ಗುಂಪಿನಲ್ಲಿ ನಗೆ ಎದ್ದಿತು. “ಮುತ್ಯಾಗ ಖಾಲಿ ಅಂಗ್ಯಾಗ ಮನಷ್ಯಾ ಕಂಡಾನು!” ಎಂದು ಯಾರೋ ಕೂಗಿದರು. ಪರಶುರಾಮನ ತೋಳುಗಳು ಇನ್ನೂ ಚಾಚಿಯೇ ಇದ್ದವು. ಅವನ್ನು ಇಳಿಸುವುದು ಅವನಿಗೆ ಮರೆತುಹೋದಂತಿತ್ತು. ನಾನೇ ಹೋಗಿ ಇಳಿಸಿದೆ.

ಬ್ಲಾಕ್ ಮುಗಿಯುವುದರೊಳಗೆ ಗರ್ಡರ್ ಕೂತಿತು. ಕ್ರೇನ್ ಬಂದ್ ಮಾಡಿ ಸಲೀಮ ನೇರ ಅವನ ಹತ್ತಿರ ಬಂದ. “ಪರಸು ಮಾಮಾ, ಛಲೋ ಮಾಡಿದ್ರಿ. ಖರೇನ ಯಾರರ ಇದ್ದಿದ್ರ?”

“ಇರಲಿಲ್ಲಲೋ,” ಅಂದ ಪರಶುರಾಮ. “ಯಾರೂ ಇರಲಿಲ್ಲ.”

ನನ್ನ ಕಾರಿನಲ್ಲೇ ಅವನನ್ನು ಕರೆತಂದೆ. ಪೀರನವಾಡಿ ಬಂತು ಅನ್ನುವಾಗ ಕೇಳಿದ: “ಈರ್ಯಾ, ಆ ಮೇಡಮ್ ಜೋಡಿ ನೀ ಖರೇನ ಚೌಕಾಶಿ ಮಾಡಿದ್ದಿ?”

“ಮಾಡಿದ್ದೆಲೋ.”

“ಸೋತಿ.”

“ಸೋತೆ.”

“ಛಲೋ ಆತು,” ಅಂದ. ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ಅಳುತ್ತಿದ್ದಾನೆಂದು ಹೆಗಲಿನಿಂದ ಗೊತ್ತಾಯಿತು. ಗೇರ್ ಬದಲಿಸುವ ನೆಪದಲ್ಲಿ ನಾನು ಮುಂದೆ ನೋಡುತ್ತ ಕುಳಿತೆ.

ಸಲಹೆ ಕೊಡುವ ಚಟ ನನಗೆ ಮೊದಲಿನಿಂದ ಇದೆ, ಇಲ್ಲಿಯೂ ಕೊಡುತ್ತೇನೆ. ನಲವತ್ತು ದಾಟಿದವರು ಕಣ್ಣಿನ ಒತ್ತಡ ನೋಡಿಸಿಕೊಳ್ಳಿ; ನೋವಿಲ್ಲ ಎಂದು ಕಾಯಬೇಡಿ. ದರ, ದಿನ, ಡೀಸೆಲ್, ಯಾವುದರ ಮೇಲೆ ಬೇಕಾದರೂ ಚೌಕಾಶಿ ಮಾಡಿ, ಆದರೆ ಇನ್ನೊಬ್ಬರ ಮಗ ನಿಲ್ಲುವ ಜಾಗದ ಮೇಲೆ ಮಾಡಬೇಡಿ. ಸ್ಟಾಪ್ ಕೊಟ್ಟವನನ್ನು ನೋಡಿ ಎಂದೂ ನಗಬೇಡಿ. ಇವತ್ತು ನಕ್ಕರೆ, ನಾಳೆ ಖರೇನೇ ಮನುಷ್ಯ ಸಿಕ್ಕಿಕೊಂಡಾಗ ನೋಡಿದವನು ಕೈ ಎತ್ತಲು ಅನುಮಾನಿಸುತ್ತಾನೆ. ನನ್ನ ಗ್ಯಾಂಗಿನಲ್ಲಿ ಸುಳ್ಳು ಸ್ಟಾಪ್ ಕೊಟ್ಟವನಿಗೆ ಈಗ ಬೈಗುಳವಿಲ್ಲ. ಮೊದಲು ಅವನಿಗೆ ಚಹಾ.

ಪರಶುರಾಮನಿಗೆ ಈಗ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ. ಭಾನುವಾರ ಹೋಗುತ್ತೇನೆ. ಅವನ ಹೆಂಡತಿ ಚಹಾ ತಂದರೆ ಕಪ್ಪನ್ನು ನಾನೇ ತೆಗೆದುಕೊಂಡು ಅವನ ಅಂಗೈಯತ್ತ ಒಯ್ಯುತ್ತೇನೆ. ಚಹಾದ ಬಿಸಿ ಹತ್ತಿರ ಬಂತೆಂದರೆ ಅವನ ಇನ್ನೊಂದು ಕೈ ತಾನಾಗಿ ಮೇಲೇಳುತ್ತದೆ. ತೋರುಬೆರಳು ಕೆಳಗೆ ತಿರುಗುತ್ತದೆ: ಇಳಿಸು, ಇಳಿಸು, ಸಾವಕಾಶ. ಕಪ್ ಅಂಗೈಯನ್ನು ಮುಟ್ಟಿದೊಡನೆ ಮುಷ್ಟಿ ಬಿಗಿಯುತ್ತದೆ.

ನಾನು ನಿಲ್ಲಿಸುತ್ತೇನೆ.