ಪಟ್ಟಿ ಕಟ್ಟಿದ ಹತ್ತು ದಿನ

ಮುರುಗೇಶಪ್ಪ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ದುಡಿದವನು. ಒಂದು ಬೆಳಿಗ್ಗೆ ಕಬ್ಬಿಣದ ಚೂರು ಸಿಡಿದು ಬಲಗಣ್ಣಿಗೆ ಬಡಿಯಿತು. ಆಪರೇಷನ್ ಆಯಿತು. ಹತ್ತು ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಇರಬೇಕೆಂದರು ಡಾಕ್ಟರು.

ಸುಮ್ಮನೆ ಬಿದ್ದುಕೊಳ್ಳುವುದು ಅವನ ಜಾಯಮಾನವಲ್ಲ. ಭದ್ರಾವತಿಯ ಮನೆಯಲ್ಲಿ ಸಿಡಿಮಿಡಿಗುಟ್ಟುತ್ತಿದ್ದ ಅಪ್ಪನಿಗೆ, ಬಿ.ಎ. ಓದುತ್ತಿದ್ದ ಮಗಳು ಕವನ ಮೊಬೈಲಿನಲ್ಲಿ ಒಂದು ಕಾದಂಬರಿ ಹಾಕಿಕೊಟ್ಟಳು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಥೆ, ಯಾರೋ ಹೆಂಗಸು ಕನ್ನಡದಲ್ಲಿ ಓದಿದ್ದು. ದೊರೆಸಾನಿಗಳ ಗೋಳು ತನಗ್ಯಾಕೆ ಎಂದು ಗೊಣಗಿದ. ಆದರೆ ಕಥೆಯಲ್ಲಿ ಬಂದದ್ದು ಹತ್ತಿಗಿರಣಿ, ಹೊಗೆ, ಬೆರಳು ಕಳೆದುಕೊಂಡ ಆಳುಗಳು. ಎರಡನೇ ದಿನಕ್ಕೆ, ಊಟಕ್ಕೆ ಎಬ್ಬಿಸಿದರೂ ಕೈಯೆತ್ತಿ ತಡೆಯುತ್ತಿದ್ದ.

ಐದನೇ ದಿನ ಕಥೆಯ ಗಿರಣಿಗೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ ಹಾಕಿಸಿದ್ದು ಧಣಿ. ತಪ್ಪು ಬಂದದ್ದು ಬಡ ನೇಕಾರನೊಬ್ಬನ ತಲೆಗೆ. ಎಲ್ಲವನ್ನೂ ಕಂಡಿದ್ದ ಅವನ ಗೆಳೆಯ ಹೊಟ್ಟೆಪಾಡಿಗೆ ಹೆದರಿ ಕೋರ್ಟಿನಲ್ಲಿ ಬಾಯಿ ಬಿಡಲಿಲ್ಲ. ನೇಕಾರನಿಗೆ ಸಂಕೋಲೆ ಹಾಕಿ ಗಡೀಪಾರಿನ ಹಡಗು ಹತ್ತಿಸಿದರು.

"ಮೊಬೈಲ್ ಆರಿಸು" ಎಂದ ಮುರುಗೇಶಪ್ಪ ಮಗಳಿಗೆ.

ಅವನ ಲೇತಿನ ಮುಂದೆ ಚೂರು ಸಿಡಿಯದಂತೆ ತಡೆಯುವ ಕವಚವನ್ನು, ಕೆಲಸ ಬೇಗ ಸಾಗಲೆಂದು ತೆಗೆಸಿದ್ದು ಸೂಪರ್‌ವೈಸರ್ ವಿಷ್ಣುಪ್ರಸಾದ. ತೆಗೆದವನು ಪಕ್ಕದ ಯಂತ್ರದ ಮುಸ್ತಕೀಮ್ ಎಂದು ಹೇಳಿ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಮುರುಗೇಶಪ್ಪನಿಗೆ ಇದೆಲ್ಲ ಗೊತ್ತಿತ್ತು. ಹೆಂಡತಿಯ ಹತ್ತಿರವೂ ಹೇಳಿರಲಿಲ್ಲ.

ಮರುದಿನ ವಿಷ್ಣುಪ್ರಸಾದನೇ ಹಣ್ಣು ಹಿಡಿದು ಬಂದ. ಕುಶಲ ಕೇಳಿದ. ಆಮೇಲೆ ಮುರುಗೇಶಪ್ಪನ ತೊಡೆಯ ಮೇಲೊಂದು ಕಾಗದವಿಟ್ಟು, ಬೆರಳಿಗೆ ಪೆನ್ನು ಸಿಕ್ಕಿಸಿ, ಇನ್ಶೂರೆನ್ಸಿಗೆ ಬರೀ ಒಂದು ಸಹಿ ಸಾಕು ಎಂದ.

ಪಟ್ಟಿಯೊಳಗೆ ಬೆವರು ಇಳಿಯಿತು. ಮುರುಗೇಶಪ್ಪ ಮಗಳನ್ನು ಕರೆದು ಓದಲು ಹೇಳಿದ. ಅದೆಲ್ಲ ಇಂಗ್ಲಿಷಿನಲ್ಲಿದೆ, ಅವಳಿಗ್ಯಾಕೆ ತೊಂದರೆ ಎಂದು ವಿಷ್ಣುಪ್ರಸಾದ ತಡೆದ. ಕವನ ಅಷ್ಟರಲ್ಲೇ ಓದಿ ಹೇಳಲು ಶುರುಮಾಡಿ, ಕವಚ ತೆಗೆದದ್ದು ಮುಸ್ತಕೀಮ್ ಎಂದು ಬರೆದಿದ್ದಲ್ಲಿ ನಿಂತುಬಿಟ್ಟಳು.

"ಮುಂದೆ ಕೆಲಸಕ್ಕೆ ಬರ್ಬೇಕಲ್ಲ ಮಾರಾಯ" ಎಂದ ವಿಷ್ಣುಪ್ರಸಾದ ಮೆಲ್ಲಗೆ.

"ಬರ್ತೀನಿ ಸಾರ್. ಕವಚ ತೆಗಿ ಅಂದಿದ್ದು ನೀವು. ಹಂಗಂತ ಬರ್ಕೊಂಡ್ ಬನ್ನಿ, ಸಹಿ ಹಾಕ್ತೀನಿ."

ಕಾಗದ ಮಡಚಿದ ಸದ್ದು, ಬಾಗಿಲು ಎಳೆದುಕೊಂಡ ಸದ್ದು. ಅವನು ಹೋದ ಕೂಡಲೇ ಮುರುಗೇಶಪ್ಪ ನಡೆದದ್ದನ್ನೆಲ್ಲ ಮಗಳ ಕೈಯಲ್ಲಿ ಬರೆಸಿ, ಕಾರ್ಮಿಕ ಇಲಾಖೆಗೆ ಕಳಿಸಿದ.

ಇಲಾಖೆಯವರು ಬಂದು ವಿಚಾರಿಸಿ ಹೋದ ತಿಂಗಳೊಪ್ಪತ್ತಿನಲ್ಲಿ ಮುಸ್ತಕೀಮ್ ಮತ್ತೆ ಕೆಲಸಕ್ಕೆ ಬಂದ. ಲೇತುಗಳಿಗೆ ಕವಚ ಬಂತು. ಮುರುಗೇಶಪ್ಪನ ಬಲಗಣ್ಣಿನ ದೃಷ್ಟಿ ಅರ್ಧ ಮಾತ್ರ ಉಳಿಯಿತು. ಈಗ ಅವನು ಸ್ಟೋರ್ ನೋಡಿಕೊಳ್ಳುತ್ತಾನೆ. ವಿಷ್ಣುಪ್ರಸಾದ ಅಲ್ಲಿಗೆ ಬಂದರೆ ಬೇಕಾದ ಸಾಮಾನಿನ ಚೀಟಿ ಅವನ ಮುಂದಿಟ್ಟು ಗೋಡೆ ನೋಡುತ್ತ ನಿಲ್ಲುತ್ತಾನೆ.