ಅಮ್ಮಂಗೆ ನಿಮ್ಮೊಟ್ಟಿಗೆ ಮಾತಿಲ್ಲೆ

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಆಮಂತ್ರಣ ಪತ್ರಿಕೆ, ಬ್ಯಾನರು, ಯಾರಿಗಾದರೂ ಬೇಕಾದರೆ ವೆಬ್‌ಸೈಟು. ಆ ವಿದ್ಯೆ ಕಲಿತ ಹೊಸತರಲ್ಲಿ ಕೈ ಸುಮ್ಮನಿರಬೇಕಲ್ಲ, ಅಮ್ಮನ ಅಡುಗೆಗೊಂದು ಪುಟ ಮಾಡಿದ್ದೆ. ಬೈಂದೂರಿನ ನಮ್ಮ ಮನೆಯ ಒಲೆಯ ಪಕ್ಕ ರೆಕಾರ್ಡರ್ ಇಟ್ಟು, ಪತ್ರೊಡೆ ಮಾಡುವ ಕ್ರಮವನ್ನು ಅವಳ ಬಾಯಿಂದಲೇ ಹೇಳಿಸಿ, ಆ ಧ್ವನಿಯನ್ನು ಪುಟದೊಳಗೆ ಕೂರಿಸಿದ್ದೆ. ಪೂರ್ತಿ ಕೇಳುವ ತಾಳ್ಮೆ ನನಗೆಲ್ಲಿ? ಕೆಸುವಿನೆಲೆ ಸುತ್ತಿ ಹಬೆಗಿಡುವವರೆಗೆ ಕೇಳಿ ಹಾಕಿಬಿಟ್ಟೆ.

ಬ್ರಹ್ಮಾವರದ ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಬೆಳಿಗ್ಗೆ ಎಂಟಕ್ಕೆ ಇಬ್ಬರಿಗೂ ಫೋನು ಆಗಲೇಬೇಕು. ಕಳೆದ ಮಳೆಗಾಲದಲ್ಲಿ ಮನೆಗೆ ಬಂದಿದ್ದ ಚಿಕ್ಕಮ್ಮ ಅಮ್ಮನ ಪತ್ರೊಡೆ ತಿಂದು, "ಅಕ್ಕಾ, ಹುಳಿ ಸಾಲ್ದು, ಗಂಟ್ಲ್ ತುರ್ಸ್ತ್" ಎಂದದ್ದೇ ತಡ, ಅಮ್ಮ ಮುಖ ಊದಿಸಿದಳು. ಅದಾಗಿ ಎರಡು ದಿನಕ್ಕೆ ಚಿಕ್ಕಮ್ಮನ ಫೋನೂ ನಿಂತಿತು. ಒಂದು ವಾರವಲ್ಲ, ಮೂರು ವಾರ!

ಅಮ್ಮ ಎಂಟು ಗಂಟೆಗೆ ಸರಿಯಾಗಿ ಫೋನಿನ ಎದುರು ಕೂರುತ್ತಾಳೆ. ನೀನೇ ಮಾಡು ಎಂದರೆ, "ಅವ್ಳೇ ಮಾಡ್ಲಿ, ನಂಗೆಂತ ಗರ್ಜ್?" ಎನ್ನುತ್ತಾಳೆ. ಎಂದವಳೇ ಫೋನಿಗೆ ಚಾರ್ಜ್ ಇದೆಯೋ ಎಂದು ನೋಡುತ್ತಾಳೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಹೀಗೇ ಮುಗಿದುಹೋದರೆ ಎಂದು ನನಗೆ ಸಂಕಟವಾಗುತ್ತಿತ್ತು.

ತಡೆಯಲಾರದೆ ಒಂದು ಭಾನುವಾರ ಬ್ರಹ್ಮಾವರದ ಬಸ್ಸು ಹತ್ತಿದೆ. ಚಿಕ್ಕಮ್ಮ ಬಾಗಿಲಲ್ಲೇ ಶುರುಮಾಡಿದಳು.

"ಎಂತಕ್ ಬಂದೆ ಹೆಣೆ? ಊರಿಗೆಲ್ಲ ಕಾಂಬಂಗೆ ಬರ್ಸಿಟ್ಟಿದ್ಲಲೆ ನಿಮ್ಮಮ್ಮ!"

"ಎಂತ ಬರ್ಸಿದ್ಳ್? ಎಲ್ಲಿ?"

ಹೊಸ ಫೋನು ನನ್ನ ಕೈಗೆ ಹಿಡಿಸಿದಳು. ಅಕ್ಕ ಎಷ್ಟು ಹುಳಿ ಹಾಕುತ್ತಾಳೆಂದು ಪತ್ತೆಹಚ್ಚಲು ನನ್ನ ಪುಟ ತೆರೆದಿದ್ದಾಳೆ, ನೋಡಿ ಹಟ! ಧ್ವನಿ ಇರಬೇಕಾದ ಕಡೆ ಒಂದು ಬೂದು ಚೌಕ, ಅದರೊಳಗೆ ದಪ್ಪಕ್ಷರದ ಸಾಲು: "ಅಮ್ಮಂಗೆ ನಿಮ್ಮೊಟ್ಟಿಗೆ ಮಾತಿಲ್ಲೆ."

ನೆಟ್ಟಿನ ತೊಂದರೆ ಎಂದು ಪುಟವನ್ನು ಮತ್ತೆ ಮತ್ತೆ ತೆರೆದೆ. ಬೇರೆ ಬ್ರೌಸರಿನಲ್ಲಿ ನೋಡಿದೆ. ಎಲ್ಲೆಡೆ ಅದೇ. ಆಮೇಲೆ ನೆನಪಾಯಿತು, ಅಯ್ಯೋ ಶನಿಯೇ, ಆ ಸಾಲು ಬರೆದವಳು ನಾನೇ!

ಪುಟದಲ್ಲಿ ಕೂರಿಸಿದ್ದನ್ನು ಬ್ರೌಸರಿಗೆ ಓದಲಾಗದಿದ್ದರೆ ತೋರಿಸಲಿಕ್ಕೆಂದು ಒಂದು ಬದಲಿ ಸಾಲು ಬರೆದಿಡುವುದು ಪದ್ಧತಿ. ‘ನಿಮ್ಮ ಬ್ರೌಸರ್ ಇದನ್ನು ಬೆಂಬಲಿಸುವುದಿಲ್ಲ’ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಆ ಒಣಮಾತು ಸೇರದೆ ತಮಾಷೆ ಮಾಡಿದ್ದೆ. ಆಗಿನ ಪ್ಲೇಯರನ್ನು ಈಗ ಬ್ರೌಸರುಗಳೆಲ್ಲ ಕೈಬಿಟ್ಟಿವೆ, ನನ್ನ ತಮಾಷೆ ಮಾತ್ರ ಉಳಿದಿದೆ. ನಮ್ಮ ಕಡೆ ‘ಮಾತಿಲ್ಲ’ ಎಂದರೆ ಹೋಗಿಬಂದು ಮಾಡುವುದೂ ನಿಂತಿತೆಂದೇ ಅರ್ಥ. ಅಕ್ಕ ಹುಳಿಯ ಸಿಟ್ಟಿಗೆ ಬರೆಸಿದ್ದಾಳೆಂದು ಚಿಕ್ಕಮ್ಮ ತಿಳಿದದ್ದರಲ್ಲಿ ತಪ್ಪೇನು? ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ.

"ನಿನ್ ಬುದ್ಧಿಗಿಷ್ಟ್!" ಎಂದು ಚಿಕ್ಕಮ್ಮನಿಂದ ಬೈಸಿಕೊಳ್ಳುತ್ತಲೇ ಚೀಲದಲ್ಲಿದ್ದ ಲ್ಯಾಪ್‌ಟಾಪ್ ತೆರೆದೆ. ಹಳೆಯ ಪ್ಲೇಯರ್ ಕಿತ್ತುಹಾಕಿ, ಅದೇ ಧ್ವನಿಯನ್ನು ಈಗಿನ ಬ್ರೌಸರುಗಳಿಗೆ ತಿಳಿಯುವ ಆಡಿಯೋ ಟ್ಯಾಗಿನಲ್ಲಿಟ್ಟೆ. ಚಿಕ್ಕಮ್ಮನ ಫೋನಿನಿಂದ ಅಮ್ಮನ ಸ್ವರ ಬಂತು. ಅಕ್ಕಿ ಆಯಿತು, ಎಲೆ ಆಯಿತು, ಹುಳಿ ಬಂದಾಗ ಚಿಕ್ಕಮ್ಮ "ಕಂಡ್ಯಾ, ಕಮ್ಮಿಯೇ!" ಎಂದು ತೊಡೆ ತಟ್ಟಿದಳು.

ನಾನು ನಿಲ್ಲಿಸಹೊರಟೆ. ಅವಳು ಬಿಡಲಿಲ್ಲ. ಒಂದಷ್ಟು ಹೊತ್ತು ಪಾತ್ರೆಯ ಸದ್ದು. ಆಮೇಲೆ ರುಚಿ ನೋಡಲು ಬಂದ ಪಕ್ಕದ ಮನೆಯವರಿಗೆ ಅಮ್ಮ ಹೇಳುತ್ತಿದ್ದಳು, "ಎಂತ ಮಾಡಿರೂ ನನ್ ತಂಗಿ ಕೈರುಚಿ ನಂಗ್ ಬತ್ತಿಲ್ಲೆ ಕಾಣಿ. ಅವ್ಳಿಗ್ ಮಾತ್ರ ಹೇಳ್ಬೇಡಿ ಮಾರಾಯ್ರೆ."

ಇಷ್ಟು ವರ್ಷ ನಾನೂ ಕೇಳಿರದ ಮಾತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಅದೇ ಫೋನಿನಲ್ಲಿ ಬೈಂದೂರಿಗೆ ಕರೆ ಮಾಡಿದಳು. ಒಂದೇ ರಿಂಗಿಗೆ ಅಮ್ಮ ಎತ್ತಿದಳು.

"ಅಕ್ಕಾ, ನಾಳಿಗ್ ಬತ್ತೆ. ಎಲೆ ಕೊಯ್ದಿಡ್, ಹುಳಿ ನಾನ್ ಬಂದ್ ಹಾಕ್ತೆ."